ಭಾಷಾಂತರಾನುಜ್ಞೆಯ ಚರಿತ್ರೆ

೧

ಒಂದು ಭಾಷೆಯಲ್ಲಿ ಹುಟ್ಟಿದ ಗ್ರಂಥವನ್ನು ಇನ್ನೊಂದು ಭಾಷೆಗೆ ತರಲು ಹೊರಟವನು ಮೂಲಗ್ರಂಥಕರ್ತನ ಅನುಜ್ಞೆಯನ್ನು ಪಡೆಯಬೇಕೆ, ಬೇಡವೆ ಎಂಬ ಪ್ರಶ್ನೆಗೆ ಇಂದು ಉತ್ತರವು ಸಿದ್ಧವಾಗಿಯೇ ಇದೆ. ಗ್ರಂಥಸ್ವಾಮ್ಯದ ಅವಧಿಯು ಮುಗಿದಿರದಿದ್ದರೆ ಅನುಜ್ಞೆಯನ್ನು ಪಡೆಯಲೇಬೇಕು. ಪಡೆಯದೆ ಪ್ರಕಟಿಸಿದರೆ ಅದು ಶಾಸನದ ಉಲ್ಲಂಘನೆ. ಈ ಉತ್ತರವು ಸ್ವತಸ್ಸಿದ್ಧವೆಂಬಂತೆ ತೋರುವುದರಿಂದ, ಎಂದಿನಿಂದಲೂ ನಿಯಮವು ಹೀಗೆಯೇ ಇದ್ದಿತೆಂಬ ಭಾವನೆಯು ಸಾಹಿತ್ಯಚರಿತ್ರೆಯನ್ನು ಬೋಧಿಸುವವರಲ್ಲಿಯೂ ಇರುವುದುಂಟು. ಅದರಿಂದ ಒಂದು ಅನ್ಯಾಯವೂ ಸಂಭವಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಿ ಮರಾಠಿಗಳಿಂದ ಕನ್ನಡಕ್ಕೆ ಕಾದಂಬರಿಗಳನ್ನು ತಂದ ಹಿರಿಯರನ್ನು ಈಗಿನ ನಿಯಮದಿಂದ ಅಳೆದು, ಅವರು ಪರಸ್ವವನ್ನು ಕೇಳದೆ ತೆಗೆದುಕೊಂಡರೋ ಎಂದು ಸಂಶಯಪಡುವವರಿದ್ದಾರೆ.

ಭಾರತದಲ್ಲಿ ಮುದ್ರಣಯುಗದ ಗ್ರಂಥಸ್ವಾಮ್ಯವು ಶಾಸನರೂಪವನ್ನು ತಾಳಿದುದು ೧೮೪೭ರಲ್ಲಿ. ಅಂದಿನಿಂದ ಇಂದಿನವರೆಗೆ ಭಾಷಾಂತರದ ವಿಷಯದಲ್ಲಿ ಮೂರು ಬೇರೆ ಬೇರೆ ಧರ್ಮಗಳು ಒಂದಾದ ಮೇಲೊಂದು ನಡೆದಿವೆ. ಮೊದಲನೆಯದರಲ್ಲಿ ಅನುಜ್ಞೆಯ ಅಗತ್ಯವೇ ಇರಲಿಲ್ಲ. ಎರಡನೆಯದರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮಾತ್ರ ಇದ್ದಿತು. ಮೂರನೆಯದರಲ್ಲಿ ಗ್ರಂಥಕರ್ತನ ಜೀವಿತವನ್ನೂ ಅವನ ಮರಣಾನಂತರದ ದೀರ್ಘಕಾಲವನ್ನೂ ಅದು ವ್ಯಾಪಿಸಿತು. ಈ ಮೂರರ ಸ್ವರೂಪವನ್ನೂ ಕಾರಣವನ್ನೂ ನಿರೂಪಿಸಿ, ಕನ್ನಡದಂತಹ ಭಾಷೆಗಳಿಗೆ ಅವುಗಳಿಂದ ಆದ ಲಾಭನಷ್ಟಗಳನ್ನು ತೂಗಿ ನೋಡುವುದು ಪ್ರಕೃತಲೇಖನದ ಉದ್ದೇಶ.

೨

ಪ್ರಾಚೀನಕಾಲದಲ್ಲಿ ಈ ಪ್ರಶ್ನೆಯು ಏಳಲೇ ಇಲ್ಲವೆಂದು ಹೇಳುವಂತಿಲ್ಲ. ಅದು ಬೇರೊಂದು ರೂಪದಲ್ಲಿ ಎದ್ದಿತು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳಲ್ಲಿ ಕಂಡುಬರುವ ಸಂವಾದವನ್ನು, ಎಂದರೆ ಪರಸ್ಪರ ಸಾದೃಶ್ಯವನ್ನು, ಪ್ರತಿಬಿಂಬದಂತಹುದು, ಚಿತ್ರದಂತಹುದು, ತುಲ್ಯದೇಹಿಯಂತಹುದು ಎಂದು ಮೂರಾಗಿ ವಿಂಗಡಿಸಿ, ಮೊದಲ ಎರಡನ್ನು ಬಿಡಬೇಕೆಂದೂ ಮೂರನೆಯದು ತ್ಯಾಜ್ಯವಲ್ಲವೆಂದೂ ನಿರ್ಣಯಿಸಿದನು. ಕ್ರಿ. ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದನ್ನೇ ವಿಸ್ತರಿಸಿ, ಶಬ್ದಹರಣ ಅರ್ಥಹರಣಗಳೆಂಬ ಹೆಸರಿನಲ್ಲಿ ಅಧ್ಯಾಯಗಳನ್ನೇ ಬರೆದನು. ಪ್ರತಿಬಿಂಬಕಲ್ಪ, ಆಲೇಖ್ಯಪ್ರಖ್ಯ, ತುಲ್ಯದೇಹಿತುಲ್ಯ, ಪರಪುರಪ್ರವೇಶಸದೃಶ ಎಂಬ ನಾಲ್ಕು ಬಗೆಗಳು ಅವನ ವಿಭಾಗ. ಕಾಶ್ಮೀರದ ಕ್ಷೇಮೇಂದ್ರನು ಕವಿಕಂಠಾಭರಣದಲ್ಲಿ ಇನ್ನೊಬ್ಬನ ಕೃತಿಯ ಛಾಯೆಯನ್ನು ಅವಲಂಬಿಸುವವನಿಂದ ಹಿಡಿದು ಸಮಗ್ರವನ್ನೂ ಅವಲಂಬಿಸುವವನವರೆಗೆ ಉಪಜೀವಿಗಳಾದ ಕವಿಗಳನ್ನು ಎಣಿಸಿದನು.

ಈ ವಿಚಾರಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹರಣವೆಂಬ ಶಬ್ದವನ್ನು ಆಲಂಕಾರಿಕರು ಬಳಸಿದರೂ, ಹೃತವಾದ ವಸ್ತುವಿನ ಒಡೆಯನು ರಾಜದ್ವಾರಕ್ಕೆ ಹೋಗಿ ಪರಿಹಾರವನ್ನು ಬೇಡಬಹುದೆಂದು ಅವರು ಹೇಳಲಿಲ್ಲ. ದೋಷಕ್ಕೆ ಶಿಕ್ಷೆಯು ಕೀರ್ತಿಹಾನಿ, ನ್ಯಾಯಾಧೀಶನು ಸಹೃದಯ. ಅನುಜ್ಞೆಗಿಂತ ಉಪಕಾರಸ್ಮರಣೆಯೇ ಅಲ್ಲಿ ಕರ್ತವ್ಯ. ಕನ್ನಡದಲ್ಲಿ ಈ ಕರ್ತವ್ಯವು ಚೆನ್ನಾಗಿ ಪಾಲಿತವಾಗಿದೆ. ಕ್ರಿ. ಶ. ೧೦೩೧ರ ಸುಮಾರಿನಲ್ಲಿ ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ತನ್ನ ಪಂಚತಂತ್ರಕ್ಕೆ ವಸುಭಾಗಭಟ್ಟನ ಸಂಸ್ಕೃತಗ್ರಂಥವು ಮೂಲವೆಂದು ತಾನೇ ತಿಳಿಸಿದ್ದಾನೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಬಾಣನ ಕಾದಂಬರಿಯನ್ನು ಚಂಪುವಾಗಿ ಕನ್ನಡಿಸಿದಾಗ ಗ್ರಂಥದ ಹೆಸರನ್ನೇ ಉಳಿಸಿಕೊಂಡನು. ಮೂಲದ ಗೌರವವೂ ಭಾಷಾಂತರದ ಸ್ವಾತಂತ್ರ್ಯವೂ ಒಂದಕ್ಕೊಂದು ಬಾಧಕವಾಗದೆ ಒಟ್ಟಿಗಿದ್ದುವು. ಕೈಬರಹದಿಂದ ಪ್ರತಿಮಾಡಿ ಗ್ರಂಥವನ್ನು ಹರಡುತ್ತಿದ್ದ ಕಾಲದಲ್ಲಿ ಪ್ರತಿಯಿಂದ ಬರುವ ದ್ರವ್ಯವೆಂಬುದು ಅಲ್ಪವಾದುದರಿಂದ ಇದು ಸಾಧ್ಯವಾಯಿತೆಂಬುದನ್ನೂ ಮರೆಯಬಾರದು.

೩

ಮುದ್ರಣವು ಬಂದ ಮೇಲೆ ಪ್ರತಿಗಳು ಪಣ್ಯವಾದುವು. ಇಂಗ್ಲೆಂಡಿನಲ್ಲಿ ಆನ್ ರಾಣಿಯ ಶಾಸನವು ೧೭೧೦ರಲ್ಲಿ ಜಾರಿಗೆ ಬಂದು, ಹೊಸ ಗ್ರಂಥಗಳಿಗೆ ೧೪ ವರ್ಷಗಳ ಮುದ್ರಣಾಧಿಕಾರವನ್ನೂ, ಅಷ್ಟರಲ್ಲಿ ಗ್ರಂಥಕರ್ತನು ಬದುಕಿದ್ದರೆ ಮತ್ತೆ ೧೪ ವರ್ಷಗಳನ್ನೂ ಕೊಟ್ಟಿತು. ಅದು ನಿಷೇಧಿಸಿದುದು ಮುದ್ರಣ ಪುನರ್ಮುದ್ರಣಗಳನ್ನು; ಭಾಷಾಂತರದ ಮಾತನ್ನು ಅದು ಎತ್ತಲೇ ಇಲ್ಲ. ಈ ಮೌನವು ಎರಡು ಶತಮಾನಗಳ ವಾದಕ್ಕೆ ಬೀಜವಾಯಿತು.

ವಾದದ ಮೊದಲ ಪ್ರಸಂಗವೇ ವಿಚಿತ್ರವಾದುದು. ತಾಮಸ್ ಬರ್ನೆಟ್ ಎಂಬ ಪಂಡಿತನು ೧೬೯೨ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸೃಷ್ಟಿವಿಚಾರದ ಗ್ರಂಥವೊಂದನ್ನು ಪ್ರಕಟಿಸಿದ್ದನು. ಅವನ ಮರಣಾನಂತರ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮಾರಲು ಹೊರಟವರ ಮೇಲೆ ೧೭೨೧ರಲ್ಲಿ ದಾವೆಯು ಬಂದಿತು. ಭಾಷಾಂತರಕಾರನು ತನ್ನ ಬುದ್ಧಿಯನ್ನೂ ಶ್ರಮವನ್ನೂ ವ್ಯಯಮಾಡುವುದರಿಂದ ಭಾಷಾಂತರವು ಪುನರ್ಮುದ್ರಣಕ್ಕೆ ಸಮಾನವಲ್ಲವೆಂದು ಹೇಳಬಹುದೆಂಬ ಅಭಿಪ್ರಾಯವನ್ನು ಛಾನ್ಸಲರನಾದ ಮ್ಯಾಕಲ್ಸ್‌ಫೀಲ್ಡನು ಸೂಚಿಸಿದನು. ಆದರೂ ಪ್ರಕಟನೆಯನ್ನು ತಡೆದನು; ಕಾರಣವು ಬೇರೆ. ಗ್ರಂಥದಲ್ಲಿ ವಿಲಕ್ಷಣವಾದ ಅಭಿಪ್ರಾಯಗಳಿದ್ದುವು. ಗ್ರಂಥಕರ್ತನು ಅವು ಪಾಮರರ ಕೈಗೆ ಸಿಕ್ಕಬಾರದೆಂದೇ ವಿದ್ವದ್ಭಾಷೆಯಲ್ಲಿ ಮುಚ್ಚಿಟ್ಟಿದ್ದನೆಂಬುದು ಅವನ ವಿವೇಚನೆ. ಸ್ವಾಮ್ಯಕ್ಕೆ ಭಾಷಾಂತರದಿಂದ ಹಾನಿಯಿಲ್ಲ, ಆದರೆ ಗೋಪ್ಯಕ್ಕೆ ಹಾನಿಯಿದೆ ಎಂಬುದು ತೀರ್ಪಿನ ಸಾರ. ಸಂಸ್ಕೃತದಲ್ಲಿರುವುದನ್ನು ದೇಶಭಾಷೆಗೆ ತರಬಾರದೆಂದು ಹಿಂದೆ ಹಟಹಿಡಿದವರ ವಾದವನ್ನು ಬಲ್ಲವರಿಗೆ ಈ ಯುಕ್ತಿಯು ಅಪರಿಚಿತವಲ್ಲ.

ಅಮೆರಿಕಾ ದೇಶದಲ್ಲಿ ಈ ಸ್ವಾತಂತ್ರ್ಯವು ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಹ್ಯಾರಿಯೆಟ್ ಬೀಚರ್ ಸ್ಟೋವಮ್ಮನವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ೧೮೫೨ರಲ್ಲಿ ಗ್ರಂಥರೂಪದಲ್ಲಿ ಹೊರಬಿದ್ದಿತು. ಆಕೆಯ ಅನುಜ್ಞೆಯಿಲ್ಲದೆ ಅದರ ಜರ್ಮನ್ ಭಾಷಾಂತರವನ್ನು ಫಿಲಡೆಲ್ಫಿಯಾದ ಪತ್ರಿಕಾಕರ್ತನೊಬ್ಬನು ಪ್ರಕಟಿಸಿದನು. ಆಕೆಯೇ ಏರ್ಪಡಿಸಿದ್ದ ಜರ್ಮನ್ ಭಾಷಾಂತರವು ಬೇರೊಂದಿದ್ದುದರಿಂದ ದಾವೆಯು ನಡೆಯಿತು. ೧೮೫೩ರಲ್ಲಿ ನ್ಯಾಯಾಧೀಶ ಗ್ರಿಯರನು ಆಕೆಗೆ ವಿರುದ್ಧವಾಗಿ ತೀರ್ಪಿತ್ತನು. ಗ್ರಂಥವು ಪ್ರಕಟವಾದ ಮೇಲೆ ಅದರ ಭಾವಗಳೂ ಪಾತ್ರಗಳೂ ಲೋಕದ ಸೊತ್ತು. ಗ್ರಂಥಕರ್ತನಿಗೆ ಉಳಿಯುವುದು ಆ ಶಬ್ದಸಮುದಾಯದ ಪ್ರತಿಗಳ ಮೇಲಿನ ಅಧಿಕಾರ ಮಾತ್ರ. ಭಾಷಾಂತರವು ಪ್ರತಿಯಲ್ಲ ಎಂಬುದು ಆ ತೀರ್ಪಿನ ತರ್ಕ. ೧೮೭೦ರಲ್ಲಿ ಅಲ್ಲಿಯ ಶಾಸನಸಭೆಯು ಭಾಷಾಂತರಾಧಿಕಾರವನ್ನು ಕಾದಿರಿಸಿಕೊಳ್ಳಲು ಗ್ರಂಥಕರ್ತರಿಗೆ ಅವಕಾಶವನ್ನು ಕೊಟ್ಟಿತು.

ಯೂರೋಪಿನಲ್ಲಿ ರಾಜ್ಯಗಳು ಚಿಕ್ಕವು, ಭಾಷೆಗಳು ಹಲವು. ಗ್ರಂಥವು ಗಡಿಯನ್ನು ದಾಟುವುದು ಭಾಷಾಂತರದ ಮೂಲಕವೇ. ಆದುದರಿಂದ ಪ್ರಶ್ನೆಯು ಅಲ್ಲಿ ರಾಜ್ಯರಾಜ್ಯಗಳ ಒಪ್ಪಂದದ ವಿಷಯವಾಯಿತು. ೧೮೮೬ರ ಬರ್ನ್ ಒಪ್ಪಂದವು ಮೂಲದ ಪ್ರಕಟನೆಯಿಂದ ಹತ್ತು ವರ್ಷಗಳವರೆಗೆ ಭಾಷಾಂತರಾಧಿಕಾರವು ಗ್ರಂಥಕರ್ತನದೆಂದಿತು. ಆ ಹತ್ತು ವರ್ಷಗಳಲ್ಲಿ ಯಾವ ಭಾಷೆಯಲ್ಲಿ ಅವನು ಭಾಷಾಂತರವನ್ನು ಹೊರಡಿಸುವನೋ ಆ ಭಾಷೆಯ ಮಟ್ಟಿಗೆ ಪೂರ್ಣಾವಧಿಯ ಅಧಿಕಾರವಿರಲೆಂದು ೧೮೯೬ರ ಪ್ಯಾರಿಸ್ ತಿದ್ದುಪಡಿಯು ವಿಧಿಸಿತು. ೧೯೦೮ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ಸಮ್ಮೇಳನವು ಈ ಮಿತಿಯನ್ನು ತೆಗೆದು, ಭಾಷಾಂತರಾಧಿಕಾರವನ್ನು ಮೂಲಸ್ವಾಮ್ಯದ ಅವಧಿಗೆ ಸಮನಾಗಿ ಮಾಡಿತು. ಭಾರತದ ಶಾಸನಗಳು ಈ ಸೋಪಾನಗಳನ್ನೇ ತಮ್ಮದೇ ಆದ ಗತಿಯಲ್ಲಿ ಏರಿದುದನ್ನು ಮುಂದೆ ನೋಡಬಹುದು.

೪

ಈಸ್ಟ್ ಇಂಡಿಯಾ ಕಂಪೆನಿಯ ಆಳಿಕೆಯಲ್ಲಿ ಹೊರಟ ೧೮೪೭ರ ಇಪ್ಪತ್ತನೆಯ ಶಾಸನವು, ಇಂಗ್ಲೆಂಡಿನ ೧೮೪೨ರ ಶಾಸನವನ್ನು ಅನುಸರಿಸಿ, ಗ್ರಂಥಕರ್ತನ ಜೀವಿತಕಾಲ ಮತ್ತು ಆಮೇಲೆ ಏಳು ವರ್ಷ, ಅಥವಾ ಪ್ರಕಟನೆಯಿಂದ ೪೨ ವರ್ಷ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲದ ಸ್ವಾಮ್ಯವನ್ನು ಕೊಟ್ಟಿತು. ಭಾಷಾಂತರದ ವಿಷಯದಲ್ಲಿ ಇದೂ ಮೌನವನ್ನೇ ವಹಿಸಿತು.

ಮೌನದ ಅರ್ಥವನ್ನು ಬಿಡಿಸಿದುದು ಬೊಂಬಾಯಿ ಹೈಕೋರ್ಟು. ಇಂಗ್ಲೆಂಡಿನ ಪ್ರಸಿದ್ಧ ಪ್ರಕಾಶಕರಾದ ಮ್ಯಾಕ್‌ಮಿಲನ್ನರು ತಾವು ಪ್ರಕಟಿಸಿದ್ದ ಇಂಗ್ಲಿಷ್ ಗಣಿತಗ್ರಂಥಗಳನ್ನು ಉರ್ದು ಭಾಷೆಗೆ ತಿರುಗಿಸಿದ ಷಮ್ಸುಲ್ ಉಲೇಮಾ ಜಕಾಉಲ್ಲಾ ಅವರ ಮೇಲೆ ದಾವೆಯನ್ನು ತಂದಿದ್ದರು. ಆಗ ಜಾರಿಯಲ್ಲಿದ್ದ ಶಾಸನದ ಪ್ರಕಾರ ಭಾಷಾಂತರವು ಸ್ವಾಮ್ಯದ ಉಲ್ಲಂಘನೆಯಲ್ಲವೆಂದು ೧೮೯೫ರಲ್ಲಿ ವರದಿಯಾದ ತೀರ್ಪು ಸ್ಪಷ್ಟಪಡಿಸಿತು. ೧೮೯೦ರಲ್ಲಿ ಅದೇ ನ್ಯಾಯಸ್ಥಾನವು ಇನ್ನೊಂದು ವ್ಯಾಜ್ಯದಲ್ಲಿ ಇದೇ ತತ್ತ್ವವನ್ನು ಹೇಳಿದ್ದಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದುದರಿಂದ ಈ ತೀರ್ಪುಗಳು ಕನ್ನಡನಾಡಿನ ಉತ್ತರಭಾಗಕ್ಕೆ ನೇರವಾಗಿಯೇ ಅನ್ವಯಿಸುತ್ತಿದ್ದುವು.

ಇವುಗಳ ಪರಿಣಾಮವನ್ನು ಕನ್ನಡಸಾಹಿತ್ಯದ ದೃಷ್ಟಿಯಿಂದ ಆಲೋಚಿಸಬೇಕು. ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಬಂಗಾಳಿಯನ್ನು ಕಲಿತು, ಈಶ್ವರಚಂದ್ರ ವಿದ್ಯಾಸಾಗರರ ಭ್ರಾಂತಿವಿಲಾಸವನ್ನೂ ಬಂಕಿಮಚಂದ್ರರ ದುರ್ಗೇಶನಂದಿನಿ, ಆನಂದಮಠ ಮೊದಲಾದ ಕಾದಂಬರಿಗಳನ್ನೂ ಕನ್ನಡಕ್ಕೆ ತಂದರು. ಕಾದಂಬರಿಯೆಂಬ ನೂತನಪ್ರಕಾರಕ್ಕೆ ಕನ್ನಡದಲ್ಲಿ ವಾಚಕಸಮೂಹವನ್ನು ನಿರ್ಮಿಸಿದ ಕೀರ್ತಿಯಲ್ಲಿ ಅವರಿಗೆ ದೊಡ್ಡ ಪಾಲು ಸಲ್ಲುತ್ತದೆ. ಅವರ ಕಾರ್ಯವೆಲ್ಲವೂ ಭಾಷಾಂತರಕ್ಕೆ ಶಾಸನೋಕ್ತವಾದ ಅನುಜ್ಞೆಯು ಹೆಚ್ಚಾಗಿ ಬೇಕಿಲ್ಲದ ಕಾಲದಲ್ಲಿ ನಡೆಯಿತು. ಅವರು ಕಾಲವಾದ ೧೯೧೪ರಲ್ಲಿಯೇ ಹೊಸ ಶಾಸನವು ಹುಟ್ಟಿತು. ಮೂಲವು ಬಂಕಿಮಚಂದ್ರರದೆಂಬುದು ಕನ್ನಡ ವಾಚಕರಿಗೆ ತಿಳಿದೇ ಇದ್ದಿತಾದುದರಿಂದ, ದುರ್ಗಸಿಂಹನು ಪಾಲಿಸಿದ ಧರ್ಮಕ್ಕೂ ಲೋಪವಿರಲಿಲ್ಲ. ಶಾಸನದ ಕಣ್ಣಿನಿಂದಲೂ ಸಂಪ್ರದಾಯದ ಕಣ್ಣಿನಿಂದಲೂ ಅವರು ನಿರ್ದೋಷಿಗಳು. ಆಗ ಕಲ್ಕತ್ತೆಯಿಂದ ಅನುಜ್ಞಾಪತ್ರವು ಬರುವವರೆಗೆ ಕಾಯಬೇಕಾಗಿದ್ದರೆ, ಪ್ರತಿಯೊಂದು ಗ್ರಂಥಕ್ಕೂ ಧನವನ್ನು ತೆರಬೇಕಾಗಿದ್ದರೆ, ಅಲ್ಪಸಂಖ್ಯೆಯ ಪ್ರತಿಗಳು ಮಾತ್ರ ಮಾರಾಟವಾಗುತ್ತಿದ್ದ ಕನ್ನಡದಲ್ಲಿ ಆ ಗ್ರಂಥಮಾಲೆಯು ಅಷ್ಟು ಉದ್ದವಾಗಿ ಬೆಳೆಯುತ್ತಿದ್ದಿತೆಂದು ನಂಬುವುದು ಕಷ್ಟ.

೫

ಶಾಸನವು ಕೇಳದಿದ್ದರೂ ಕೇಳಿ ಪಡೆದ ಅನುಜ್ಞೆಯ ಉದಾಹರಣೆಯೊಂದು ಈ ಕಾಲಕ್ಕೆ ಸೇರಿದುದು. ಅದು ಅನುಜ್ಞೆಯ ನಿಜವಾದ ತಾತ್ಪರ್ಯವನ್ನು ತೋರಿಸುವುದರಿಂದ ಇಲ್ಲಿ ವಿವರಣೆಗೆ ಅರ್ಹವಾಗಿದೆ.

ಉತ್ತರ ಅಮೆರಿಕಾದಲ್ಲಿದ್ದ ತಾರಕನಾಥ ದಾಸರು ಬರೆದ ಕಾಗದಕ್ಕೆ ಉತ್ತರವಾಗಿ ಟಾಲ್‌ಸ್ಟಾಯ್ ಮಹಾಶಯನು ೧೯೦೮ರ ಡಿಸೆಂಬರಿನಲ್ಲಿ ಭಾರತೀಯರನ್ನು ಕುರಿತು ದೀರ್ಘವಾದ ಪತ್ರವೊಂದನ್ನು ಬರೆದನು. ಅದರ ಪ್ರತಿಯು ಲಂಡನ್ನಿನಲ್ಲಿದ್ದ ಗಾಂಧಿಯವರ ಕೈಗೆ ಬಂದಿತು. ೧೮೮೧ರ ಅನಂತರದ ತನ್ನ ಕೃತಿಗಳನ್ನು ಯಾರು ಬೇಕಾದರೂ ಮುದ್ರಿಸಬಹುದು, ಭಾಷಾಂತರಿಸಬಹುದು ಎಂದು ಟಾಲ್‌ಸ್ಟಾಯ್ ೧೮೯೧ರಲ್ಲಿಯೇ ಬಹಿರಂಗವಾಗಿ ಸಾರಿ ಸ್ವಾಮ್ಯವನ್ನು ತ್ಯಜಿಸಿದ್ದನು. ರಷ್ಯಾ ದೇಶವು ಬರ್ನ್ ಒಪ್ಪಂದದ ಹೊರಗಿದ್ದಿತು. ಹೀಗಿದ್ದರೂ ಗಾಂಧಿಯವರು ೧೯೦೯ರ ಅಕ್ಟೋಬರ್ ೧ರಂದು ಗ್ರಂಥಕರ್ತನಿಗೇ ಬರೆದರು. ಪತ್ರವು ನಿಜವಾಗಿಯೂ ಅವನದೇ ಎಂಬುದನ್ನು ಮೊದಲು ವಿಚಾರಿಸಿದರು. ೨೦,೦೦೦ ಪ್ರತಿಗಳನ್ನು ಮುದ್ರಿಸಿ ಹಂಚುವುದಕ್ಕೂ ಭಾಷಾಂತರಿಸುವುದಕ್ಕೂ ಒಪ್ಪಿಗೆಯನ್ನು ಬೇಡಿದರು. ಪುನರ್ಜನ್ಮದ ನಂಬಿಕೆಯನ್ನು ಪತ್ರದಲ್ಲಿ ಒಂದು ಕಡೆ ಅಲ್ಲಗಳೆದಂತಿದ್ದುದರಿಂದ, ಆ ಒಂದು ಶಬ್ದವನ್ನು ಬಿಡಬಹುದೇ ಎಂದೂ ಕೇಳಿದರು.

ಟಾಲ್‌ಸ್ಟಾಯ್ ಕೂಡಲೇ ಉತ್ತರವಿತ್ತನು. ಭಾಷಾಂತರವು ತನಗೆ ಸಂತೋಷದ ವಿಷಯವೆಂದನು. ಹಣದ ಮಾತು ಸಲ್ಲದೆಂದನು. ಆ ಶಬ್ದವನ್ನು ತೆಗೆಯುವುದು ತನಗೆ ಇಷ್ಟವಿಲ್ಲವಾದರೂ ಅದನ್ನು ಗಾಂಧಿಯವರ ಇಚ್ಛೆಗೆ ಬಿಟ್ಟನು. ಅದೇ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹಿಂದಿರುಗುವ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಗಾಂಧಿಯವರು ಈ ಪತ್ರವನ್ನು ಗುಜರಾತಿಗೆ ತಿರುಗಿಸಿದರು. ಅದೇ ಪ್ರಯಾಣದಲ್ಲಿ ಬರೆದ ಹಿಂದ್ ಸ್ವರಾಜ್ ಗ್ರಂಥವನ್ನು ೧೯೧೦ರಲ್ಲಿ ಇಂಗ್ಲಿಷಿನಲ್ಲಿ ಹೊರಡಿಸಿದಾಗ, ಯಾವ ಹಕ್ಕನ್ನೂ ಕಾದಿರಿಸಿಲ್ಲವೆಂಬ ಸೂಚನೆಯನ್ನು ಅದರಲ್ಲಿ ಅಚ್ಚುಹಾಕಿಸಿದರು.

ಈ ಪ್ರಸಂಗದಲ್ಲಿ ಮೂರು ವಿಷಯಗಳು ಪ್ರತ್ಯೇಕವಾಗಿ ಕಾಣುತ್ತವೆ: ಕರ್ತೃತ್ವದ ನಿಶ್ಚಯ, ಪ್ರಸಾರಕ್ಕೆ ಸಮ್ಮತಿ, ಮೂಲದ ಶಬ್ದವನ್ನು ಬದಲಾಯಿಸಲು ಸಮ್ಮತಿ. ಇವುಗಳಲ್ಲಿ ದ್ರವ್ಯಕ್ಕೆ ಸಂಬಂಧಿಸಿದುದು ಎರಡನೆಯದೊಂದೇ. ಸ್ವಾಮ್ಯವನ್ನು ತ್ಯಜಿಸಿದವನನ್ನು ಕೂಡ ಮೊದಲನೆಯದನ್ನೂ ಮೂರನೆಯದನ್ನೂ ಕೇಳಬೇಕಾಗುತ್ತದೆ. ಆಲಂಕಾರಿಕರು ಕಾಪಾಡಲು ಯತ್ನಿಸಿದುದು ಕರ್ತೃತ್ವದ ಗೌರವವನ್ನು; ಆನ್ ರಾಣಿಯ ಶಾಸನದಿಂದ ಈಚೆಗೆ ನ್ಯಾಯಸ್ಥಾನಗಳು ಮುಖ್ಯವಾಗಿ ಕಾಪಾಡಿದುದು ದ್ರವ್ಯವನ್ನು. ಇವೆರಡನ್ನೂ ಅನುಜ್ಞೆಯೆಂಬ ಒಂದೇ ಶಬ್ದದಿಂದ ಕರೆಯುವುದರಿಂದ ಅನೇಕ ಭ್ರಾಂತಿಗಳು ಹುಟ್ಟಿವೆ.

೬

ಬ್ರಿಟಿಷ್ ಸಾಮ್ರಾಜ್ಯದ ೧೯೧೧ರ ಶಾಸನವು ಬರ್ಲಿನ್ ನಿರ್ಣಯವನ್ನು ಅಂಗೀಕರಿಸಿ, ಭಾಷಾಂತರಾಧಿಕಾರವನ್ನು ಗ್ರಂಥಸ್ವಾಮ್ಯದ ಅಂಗವನ್ನಾಗಿ ಮಾಡಿತು; ಅವಧಿಯು ಗ್ರಂಥಕರ್ತನ ಜೀವಿತ ಮತ್ತು ಅನಂತರ ೫೦ ವರ್ಷ. ಅದು ೧೯೧೨ರಲ್ಲಿ ಭಾರತದಲ್ಲಿ ಜಾರಿಗೆ ಬಂದಿತು. ಆದರೆ ಹಲವು ಭಾಷೆಗಳ ಈ ದೇಶದಲ್ಲಿ ಅದನ್ನು ಹಾಗೆಯೇ ಬಿಡುವುದು ಉಚಿತವಲ್ಲವೆಂದು ಕಂಡುದರಿಂದ, ೧೯೧೪ರ ಮೂರನೆಯ ಶಾಸನವು ಅದನ್ನು ಕೆಲವು ಮಾರ್ಪಾಡುಗಳೊಡನೆ ಅಳವಡಿಸಿತು. ಮಾರ್ಪಾಡುಗಳಲ್ಲಿ ಬಹು ಮುಖ್ಯವಾದುದು ನಾಲ್ಕನೆಯ ಪ್ರಕರಣ.

ಆ ಪ್ರಕರಣದ ಅಭಿಪ್ರಾಯವಿದು: ಬ್ರಿಟಿಷ್ ಇಂಡಿಯಾದಲ್ಲಿ ಪ್ರಥಮವಾಗಿ ಪ್ರಕಟವಾದ ಗ್ರಂಥದ ವಿಷಯದಲ್ಲಿ, ಭಾಷಾಂತರದ ಏಕಾಧಿಕಾರವು ಮೊದಲ ಪ್ರಕಟನೆಯಿಂದ ಹತ್ತು ವರ್ಷಗಳವರೆಗೆ ಮಾತ್ರ ನಿಲ್ಲುತ್ತದೆ. ಆ ಹತ್ತು ವರ್ಷಗಳೊಳಗೆ ಗ್ರಂಥಕರ್ತನಾಗಲಿ ಅವನಿಂದ ಅನುಜ್ಞೆಯನ್ನು ಪಡೆದವನಾಗಲಿ ಯಾವುದಾದರೊಂದು ಭಾಷೆಯಲ್ಲಿ ಭಾಷಾಂತರವನ್ನು ಪ್ರಕಟಿಸಿದರೆ, ಆ ಭಾಷೆಯ ಮಟ್ಟಿಗೆ ಈ ಮಿತಿಯು ಅನ್ವಯಿಸುವುದಿಲ್ಲ.

ಉದಾಹರಣೆಯಿಂದ ಇದು ವಿಶದವಾಗುತ್ತದೆ. ಕಲ್ಕತ್ತೆಯಲ್ಲಿ ೧೯೧೫ರಲ್ಲಿ ಮೊದಲು ಪ್ರಕಟವಾದ ಬಂಗಾಳಿ ಕಾದಂಬರಿಯೊಂದನ್ನು ಕಲ್ಪಿಸಿಕೊಳ್ಳಬಹುದು. ೧೯೨೦ರಲ್ಲಿ ಗ್ರಂಥಕರ್ತನ ಒಪ್ಪಿಗೆಯಿಂದ ಅದರ ಮರಾಠಿ ಭಾಷಾಂತರವು ಹೊರಟಿತು. ಕನ್ನಡದಲ್ಲಿ ಯಾವುದೂ ಹೊರಡಲಿಲ್ಲ. ೧೯೨೫ರಲ್ಲಿ ಹತ್ತು ವರ್ಷಗಳು ತುಂಬಿದಾಗ ಮರಾಠಿಯಲ್ಲಿ ಅಧಿಕಾರವು ಗ್ರಂಥಕರ್ತನಿಗೇ ಉಳಿಯಿತು; ಕನ್ನಡದಲ್ಲಿಯೂ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದು ಲೋಪವಾಯಿತು. ಅದೇ ಗ್ರಂಥಕರ್ತನು ಲಂಡನ್ನಿನಲ್ಲಿ ಮಾತ್ರ ಪ್ರಥಮವಾಗಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೊಂದಿದ್ದರೆ, ಅದಕ್ಕೆ ಹತ್ತು ವರ್ಷಗಳ ಮಿತಿಯಿಲ್ಲ. ಅವನ ಮರಣದ ಅನಂತರ ೫೦ ವರ್ಷಗಳವರೆಗೆ ಕೇಳಿಯೇ ತರಬೇಕು. ಹುಟ್ಟಿದ ಊರಿನ ಮೇಲೆ ಗ್ರಂಥದ ಧರ್ಮವು ಬದಲಾಗುತ್ತಿದ್ದಿತು.

ಕನ್ನಡನಾಡಿನೊಳಗೇ ಈ ವೈಷಮ್ಯವಿದ್ದಿತು. ಶಾಸನದ ಪದಗಳು ಬ್ರಿಟಿಷ್ ಇಂಡಿಯಾವನ್ನು ಮಾತ್ರ ಹೇಳುತ್ತವೆ. ಧಾರವಾಡದಲ್ಲಿಯೋ ಮಂಗಳೂರಿನಲ್ಲಿಯೋ ಪ್ರಥಮವಾಗಿ ಪ್ರಕಟವಾದ ಗ್ರಂಥವು ಅದಕ್ಕೆ ಒಳಪಟ್ಟಿತು. ಮೈಸೂರು ನಗರದಲ್ಲಿ ಪ್ರಥಮವಾಗಿ ಪ್ರಕಟವಾದುದು, ಸಂಸ್ಥಾನವು ಬ್ರಿಟಿಷ್ ಇಂಡಿಯಾದ ಭಾಗವಲ್ಲದುದರಿಂದ, ಆ ಪದಗಳ ವ್ಯಾಪ್ತಿಗೆ ಬರಲಿಲ್ಲ. ಒಂದೇ ಭಾಷೆ, ಒಂದೇ ವಾಚಕಸಮುದಾಯ. ಗಡಿಯ ಈಚೆಗೊಂದು ನ್ಯಾಯ, ಆಚೆಗೊಂದು ನ್ಯಾಯ.

ನಾಲ್ಕನೆಯ ಪ್ರಕರಣದ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ನೋಡಬೇಕು. ಹತ್ತು ವರ್ಷ ಕಳೆದ ಮೇಲೆ ಅನುವಾದವಿಲ್ಲದ ಭಾಷೆಗಳಿಂದ ಗ್ರಂಥಕರ್ತನಿಗೆ ಒಂದು ಕಾಸೂ ಬಾರದು. ಅಸಮರ್ಥನು ಕೆಟ್ಟ ಭಾಷಾಂತರವನ್ನು ಹೊರಡಿಸಿದರೂ ತಡೆಯುವುದಕ್ಕೆ ಆ ಪ್ರಕರಣದ ಬಲವು ಸಾಲದು. ಇವು ಕಡಿಮೆಯಾದ ದೋಷಗಳಲ್ಲ. ಗುಣವಾದರೋ ಒಂದೇ, ಆದರೆ ದೊಡ್ಡದು. ಈ ನಿಯಮವು ಭಾಷೆಗಳನ್ನು ಒಂದೊಂದಾಗಿ ಎಣಿಸಿತು. ಯಾವ ಭಾಷೆಯ ವಾಚಕರನ್ನು ಗ್ರಂಥಕರ್ತನು ನೆನೆದನೋ ಆ ಭಾಷೆಯಲ್ಲಿ ಅವನ ಅಧಿಕಾರವು ಪೂರ್ಣವಾಗಿ ನಿಂತಿತು. ಯಾವುದನ್ನು ಮರೆತನೋ ಅದರ ಬಾಗಿಲು ಹತ್ತು ವರ್ಷಗಳ ತರುವಾಯ ತಾನಾಗಿ ತೆರೆಯಿತು. ಅಧಿಕಾರವು ಕಾರ್ಯದಿಂದ ಉಳಿಯಬೇಕು, ಬರಿಯ ಮೌನದಿಂದ ಉಳಿಯಬಾರದೆಂಬ ವಿವೇಕವು ಇದರಲ್ಲಿದೆ. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಮರಾಠಿಯಿಂದ ತಂದ ಸಂಪ್ರದಾಯವು ಈ ಶಾಸನದ ಅನಂತರವೂ ಕನ್ನಡದಲ್ಲಿ ಬತ್ತದೆ ಮುಂದುವರಿಯಿತು. ಅದಕ್ಕೆ ಕಾರಣಗಳು ಹಲವಿದ್ದರೂ, ಬಾಗಿಲು ಮುಚ್ಚಿರಲಿಲ್ಲವೆಂಬುದೂ ಅವುಗಳಲ್ಲೊಂದೆಂದು ಎಣಿಸಬೇಕು. ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳಿಗಾದರೆ ಈ ಪ್ರಶ್ನೆಯು ಬಹುಮಟ್ಟಿಗೆ ಏಳುವುದಿಲ್ಲ. ಬರ್ನ್ಸ್, ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದ ಅವರ ಮೂಲಕವಿಗಳು ಸ್ವಾಮ್ಯದ ಅವಧಿಯನ್ನು ದಾಟಿದವರಾಗಿದ್ದರು.

೭

ಸ್ವತಂತ್ರಭಾರತದ ೧೯೫೭ರ ಶಾಸನವು ೧೯೫೮ರ ಜನವರಿ ೨೧ರಂದು ಜಾರಿಗೆ ಬಂದಿತು. ಇದರಲ್ಲಿ ಹತ್ತು ವರ್ಷಗಳ ಮಿತಿಯು ಮಾಯವಾಯಿತು. ಭಾಷಾಂತರವು ಸ್ವಾಮ್ಯದ ಸಹಜಾಂಗವಾಗಿ, ಗ್ರಂಥಕರ್ತನ ಜೀವಿತ ಮತ್ತು ಅನಂತರದ ೫೦ ವರ್ಷಗಳ ಕಾಲ ಅನುಜ್ಞೆಯು ಕಡ್ಡಾಯವಾಯಿತು. ೧೯೪೧ರಲ್ಲಿ ಕಾಲವಾದ ರವೀಂದ್ರನಾಥರ ಗ್ರಂಥಗಳ ಸ್ವಾಮ್ಯವು ೧೯೯೧ರ ಅಂತ್ಯಕ್ಕೆ ಮುಗಿಯಲಿದ್ದ ಸಂದರ್ಭದಲ್ಲಿ ಈ ೫೦ ವರ್ಷಗಳನ್ನು ೬೦ಕ್ಕೆ ಏರಿಸಲಾಯಿತು. ೧೯೯೨ರ ತಿದ್ದುಪಡಿಯು ಅದನ್ನು ಸ್ಥಿರಪಡಿಸಿತು. ಒಬ್ಬ ಕವಿಗಾಗಿ ಎತ್ತಿದ ಮಾತು ಎಲ್ಲ ಗ್ರಂಥಕರ್ತರಿಗೂ ಅನ್ವಯಿಸಿತು. ೧೯೪೬ರಲ್ಲಿ ತೀರಿಕೊಂಡ ಶ್ರೀಕಂಠಯ್ಯನವರ ಗ್ರಂಥಗಳು ೧೯೯೬ರ ಅಂತ್ಯಕ್ಕೆ ಬದಲಾಗಿ ೨೦೦೬ರ ಅಂತ್ಯಕ್ಕೆ ಮುಕ್ತವಾದುವು. ೧೯೮೧ರಲ್ಲಿ ದಿವಂಗತರಾದ ಬೇಂದ್ರೆಯವರ ಕಾವ್ಯವು ೨೦೪೧ರ ಅಂತ್ಯದವರೆಗೆ, ೧೯೯೪ರಲ್ಲಿ ದಿವಂಗತರಾದ ಕುವೆಂಪು ಅವರ ಕೃತಿಗಳು ೨೦೫೪ರ ಅಂತ್ಯದವರೆಗೆ ಸ್ವಾಮ್ಯಕ್ಕೆ ಒಳಪಟ್ಟಿರುತ್ತವೆ. ಅಲ್ಲಿಯವರೆಗೆ ಅವನ್ನು ಬೇರೆ ಭಾಷೆಗೆ ಒಯ್ಯುವವರು ಅನುಜ್ಞೆಯನ್ನು ಪಡೆಯತಕ್ಕದ್ದು.

ಆದರೆ ೧೯೫೭ರ ಶಾಸನಕರ್ತರು ೧೯೧೪ರ ವಿವೇಕವನ್ನು ಪೂರ್ಣವಾಗಿ ಬಿಡಲಿಲ್ಲ. ಅದನ್ನು ಮೂವ್ವತ್ತೆರಡನೆಯ ಪ್ರಕರಣದಲ್ಲಿ ಬೇರೊಂದು ಆಕಾರದಲ್ಲಿ ಇಟ್ಟರು. ಗ್ರಂಥವು ಪ್ರಕಟವಾಗಿ ಏಳು ವರ್ಷಗಳು ಕಳೆದರೂ ಒಂದು ಭಾಷೆಯಲ್ಲಿ ಭಾಷಾಂತರವು ಹೊರಟಿಲ್ಲದಿದ್ದರೆ, ಅಥವಾ ಹೊರಟದ್ದು ಮುಗಿದುಹೋಗಿದ್ದರೆ, ಯಾರೇ ಆಗಲಿ ಕಾಪಿರೈಟ್ ಮಂಡಲಿಗೆ ಅರ್ಜಿಯನ್ನು ಕೊಟ್ಟು ಅನುಜ್ಞಾಪತ್ರವನ್ನು ಬೇಡಬಹುದು. ಅರ್ಜಿದಾರನು ಮೊದಲು ಸ್ವಾಮಿಯನ್ನು ಕೇಳಿ ನಿರಾಕೃತನಾಗಿರಬೇಕು, ಇಲ್ಲವೆ ಶ್ರದ್ಧೆಯಿಂದ ಹುಡುಕಿಯೂ ಅವನನ್ನು ಕಾಣದಿದ್ದಿರಬೇಕು. ಕಾಣದಿದ್ದ ಪಕ್ಷದಲ್ಲಿ ಗ್ರಂಥದ ಮೇಲೆ ಹೆಸರಿರುವ ಪ್ರಕಾಶಕನಿಗೆ ರಿಜಿಸ್ಟರಾದ ಅಂಚೆಯಲ್ಲಿ ಬೇಡಿಕೆಯ ಪ್ರತಿಯನ್ನು ಕಳುಹಿಸಿ ಎರಡು ತಿಂಗಳು ಕಾಯಬೇಕು. ಅವನಿಗೆ ಸರಿಯಾದ ಭಾಷಾಂತರವನ್ನು ಮಾಡುವ ಸಾಮರ್ಥ್ಯವೂ ನಿಗದಿಯಾದ ಗೌರವಧನವನ್ನು ತೆರುವ ಶಕ್ತಿಯೂ ಇದೆಯೆಂದು ಮಂಡಲಿಗೆ ಮನವರಿಕೆಯಾಗಬೇಕು. ಹಳೆಯ ಶಾಸನದ ಎರಡು ದೋಷಗಳಿಗೂ ಇಲ್ಲಿ ಪರಿಹಾರವಿದೆ: ಗ್ರಂಥಕರ್ತನಿಗೆ ಧನವು ಸಲ್ಲುತ್ತದೆ, ಅಸಮರ್ಥನು ತಡೆಯಲ್ಪಡುತ್ತಾನೆ.

ಪ್ರಪಂಚದ ವೇದಿಕೆಯಲ್ಲಿಯೂ ಇದೇ ವಾದವು ನಡೆಯಿತು. ಅಭಿವೃದ್ಧಿಹೊಂದುತ್ತಿರುವ ದೇಶಗಳ ಭಾಷೆಗಳಿಗೆ ವಿದ್ಯಾಗ್ರಂಥಗಳು ಸುಲಭವಾಗಿ ಬರಬೇಕೆಂದು ಭಾರತವೂ ಅದರ ಜೊತೆಗಾರರೂ ೧೯೬೭ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಹೋರಾಡಿದರು. ಅಲ್ಲಿಯ ನಿರ್ಣಯವನ್ನು ಪಾಶ್ಚಾತ್ಯ ಪ್ರಕಾಶಕರು ಪ್ರತಿಭಟಿಸಿದುದರಿಂದ ೧೯೭೧ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಮಧ್ಯಮಮಾರ್ಗವು ಏರ್ಪಟ್ಟಿತು. ಅದರ ಫಲವಾಗಿ ೧೯೮೩ರ ತಿದ್ದುಪಡಿಯು, ಬೋಧನೆ, ವಿದ್ವತ್ತು, ಸಂಶೋಧನೆಗಳಿಗಾಗಿ ವಿದೇಶೀಯ ಗ್ರಂಥವನ್ನು ಭಾಷಾಂತರಿಸಲು ಮೂರು ವರ್ಷಗಳ ಅನಂತರವೇ ಅರ್ಜಿಯನ್ನು ಕೊಡಬಹುದೆಂದಿತು. ಮುಂದುವರಿದ ಯಾವ ದೇಶದಲ್ಲಿಯೂ ಸಾಮಾನ್ಯಬಳಕೆಯಲ್ಲಿಲ್ಲದ ಭಾಷೆಗೆ ಒಂದೇ ವರ್ಷ ಸಾಕು. ಕನ್ನಡವು ಈ ಕೊನೆಯ ವರ್ಗಕ್ಕೆ ಸೇರುವುದೆಂಬುದು ಸ್ಪಷ್ಟ. ಶಾಸ್ತ್ರಗ್ರಂಥಗಳು ಕನ್ನಡದಲ್ಲಿಲ್ಲವೆಂದು ಕೊರಗುವವರು ಈ ಅವಕಾಶವನ್ನು ಅರಿತಿರುವುದು ಅವಶ್ಯಕ.

ಇನ್ನೊಂದು ತೊಡಕು ಒಡೆಯನೇ ಸಿಗದ ಗ್ರಂಥಗಳದು. ಗ್ರಂಥಕರ್ತನು ಗತಿಸಿ, ಪ್ರಕಾಶನಸಂಸ್ಥೆಯು ಮುಚ್ಚಿ, ವಾರಸುದಾರರು ಚೆದರಿಹೋದ ಮೇಲೆ ಯಾರನ್ನು ಕೇಳುವುದು? ೧೯೮೩ರಲ್ಲಿ ಅಪ್ರಕಟಿತ ಭಾರತೀಯ ಕೃತಿಗಳಿಗೆಂದು ಸೇರಿಸಿದ ೩೧-ಎ ಪ್ರಕರಣವನ್ನು ೨೦೧೨ರ ತಿದ್ದುಪಡಿಯು ಪ್ರಕಟಿತ ಕೃತಿಗಳಿಗೂ ವಿಸ್ತರಿಸಿ, ಒಡೆಯನು ಸಿಗದಿದ್ದಾಗಲೂ ಭಾಷಾಂತರಕ್ಕೆ ಅನುಜ್ಞಾಪತ್ರವನ್ನು ಪಡೆಯುವ ಮಾರ್ಗವನ್ನು ತೋರಿಸಿತು.

ಹೀಗೆ ಬಾಗಿಲುಗಳು ಲೆಕ್ಕಕ್ಕೆ ಹಲವಿವೆ; ಆದರೆ ಬಾಗಿಲನ್ನು ತೆರೆಯುವವನು ಬದಲಾಗಿದ್ದಾನೆ. ಈ ಅರ್ಜಿಗಳನ್ನು ವಿಚಾರಿಸುತ್ತಿದ್ದ ಕಾಪಿರೈಟ್ ಮಂಡಲಿಯನ್ನು ೨೦೧೭ರಲ್ಲಿ ಬೇರೊಂದು ಮೇಲ್ಮನವಿ ಮಂಡಲಿಯಲ್ಲಿ ಲೀನಗೊಳಿಸಲಾಯಿತು. ೨೦೨೧ರಲ್ಲಿ ಅದೂ ರದ್ದಾಗಿ, ಈ ಅಧಿಕಾರವು ವಾಣಿಜ್ಯ ನ್ಯಾಯಾಲಯಗಳಿಗೆ ಹೋಯಿತು. ೧೯೧೪ರಲ್ಲಿ ಕಾಲವೇ ಕೊಡುತ್ತಿದ್ದುದನ್ನು ೧೯೫೭ರಲ್ಲಿ ಮಂಡಲಿಯು ಕೊಡುವಂತಾಗಿ, ಈಗ ನ್ಯಾಯಾಲಯದಲ್ಲಿ ಬೇಡಬೇಕಾಗಿದೆ. ಐನೂರು ಪ್ರತಿಗಳ ಕನ್ನಡ ಗ್ರಂಥಕ್ಕಾಗಿ ವಕೀಲರನ್ನು ನೇಮಿಸಿಕೊಂಡು ವ್ಯಾಪಾರಿಗಳ ನ್ಯಾಯಸ್ಥಾನದ ಮೆಟ್ಟಿಲನ್ನೇರುವ ಭಾಷಾಂತರಕಾರನು ವಿರಳ. ಹಕ್ಕು ಗ್ರಂಥಸ್ಥವಾಗಿದೆ; ಅದನ್ನು ಅನುಭವಿಸುವ ಉಪಾಯವು ದೂರವಾಗಿದೆ.

೮

ಮೇಲಿನ ನಿರೂಪಣೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಅನುಜ್ಞೆಯೆಂಬುದು ಸನಾತನವಾದ ನಿಯಮವಲ್ಲ. ಕಾಲದೇಶಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾದುದು. ಆದಕಾರಣ ಪೂರ್ವಿಕರನ್ನು ಅವರ ಕಾಲದ ಧರ್ಮದಿಂದಲೇ ತೂಗತಕ್ಕದ್ದು. ವೆಂಕಟಾಚಾರ್ಯರು ಮಾಡಿದುದು ಪರಸ್ವಾಪಹರಣವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ದ್ರವ್ಯದ ಅನುಜ್ಞೆಯೂ ಗೌರವದ ಅನುಜ್ಞೆಯೂ ಬೇರೆಬೇರೆಯೆಂಬುದನ್ನು ೧೯೫೭ರ ಶಾಸನವೇ ಒಪ್ಪಿದೆ. ಅದರ ಐವತ್ತೇಳನೆಯ ಪ್ರಕರಣದ ಪ್ರಕಾರ, ಗ್ರಂಥಕರ್ತನು ಸ್ವಾಮ್ಯವನ್ನು ಪೂರ್ಣವಾಗಿ ಮಾರಿದ ಮೇಲೂ, ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕೂ ತನ್ನ ಕೀರ್ತಿಗೆ ಕುಂದಾಗುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕೂ ಅವನಲ್ಲಿಯೇ ಉಳಿಯುತ್ತವೆ. ದುರ್ಗಸಿಂಹನು ಸ್ವೇಚ್ಛೆಯಿಂದ ಪಾಲಿಸಿದುದು ಇಲ್ಲಿ ವಿಧಿಯಾಗಿದೆ. ಗಾಂಧಿಯವರು ಒಂದು ಶಬ್ದಕ್ಕಾಗಿ ಕೇಳಿದ ಪ್ರಶ್ನೆಯು ಇಲ್ಲಿ ಶಾಸನದ ರೂಪವನ್ನು ತಾಳಿದೆ.

ಅನುಜ್ಞೆಯನ್ನು ಪಡೆಯುವಾಗ ವಿದ್ವಾಂಸರು ಎಚ್ಚರದಿಂದಿರಬೇಕಾದ ವ್ಯಾವಹಾರಿಕಾಂಶಗಳೂ ಇವೆ. ಬಾಯಿಮಾತಿನ ಒಪ್ಪಿಗೆ ಸಾಲದು, ಅದು ಬರಹದಲ್ಲಿರಬೇಕು. ೧೯೯೪ರ ತಿದ್ದುಪಡಿಯಿಂದ ಈಚೆಗೆ, ಕಾಲವನ್ನು ಹೇಳದ ಪತ್ರವು ಐದು ವರ್ಷಗಳಿಗೆ ಮಾತ್ರವೆಂದೂ ದೇಶವನ್ನು ಹೇಳದ ಪತ್ರವು ಭಾರತಕ್ಕೆ ಮಾತ್ರವೆಂದೂ ಗ್ರಹಿಸಲ್ಪಡುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಉಪಯೋಗಿಸದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದು ಕಳೆದುಹೋಗುತ್ತದೆ. ಹತ್ತು ವರ್ಷ ಶ್ರಮಿಸಿ ಭಾಷಾಂತರಿಸಿದವನು, ಕೈಯಲ್ಲಿರುವ ಪತ್ರವು ಎಂದೋ ನಿರ್ಜೀವವಾಗಿದ್ದುದನ್ನು ಮುದ್ರಣಕಾಲದಲ್ಲಿ ಕಂಡು ಪರಿತಪಿಸುವಂತಾಗಬಾರದು.

ಕೊನೆಯದಾಗಿ, ಭಾಷೆಗಳನ್ನು ಒಂದೊಂದಾಗಿ ಎಣಿಸಿದ ೧೯೧೪ರ ನಿಯಮವು ವಿದೇಶೀಯ ಆಳಿಕೆಯ ಕಾಲದ್ದೆಂಬ ಮಾತ್ರಕ್ಕೆ ವಿಸ್ಮೃತಿಗೆ ಅರ್ಹವಲ್ಲ. ಅದರಲ್ಲಿ ಗ್ರಂಥಕರ್ತನ ಹಕ್ಕಿನೊಡನೆ, ಅವನ ಭಾಷೆಯನ್ನು ಅರಿಯದ ವಾಚಕನ ಹಕ್ಕೂ ಗಣನೆಗೆ ಬಂದಿದ್ದಿತು. ಇಂದಿನ ಶಾಸನದಲ್ಲಿಯೂ ಆ ವಾಚಕನಿಗೆ ಸ್ಥಾನವಿದೆ. ಆದರೆ ಅವನ ಪರವಾಗಿ ಯಾರಾದರೂ ಅರ್ಜಿಯನ್ನು ಬರೆಯಬೇಕು, ಸುಲಭವಾಗಿ ವಿಚಾರಿಸುವವರೂ ಇರಬೇಕು. ಅಲ್ಪವ್ಯಯದಲ್ಲಿ ಇದನ್ನು ತೀರ್ಮಾನಿಸುವ ಮಂಡಲಿಯೊಂದು ಪುನಃ ಏರ್ಪಡುವವರೆಗೆ, ಸ್ವಾಮ್ಯವುಳ್ಳವರು ಕೇಳಿದವರಿಗೆ ಕಾಲಮೀರದೆ ಉತ್ತರವನ್ನು ಕೊಡುವುದೂ, ಭಾಷಾಂತರಕಾರರು ಶಾಸನವು ಒತ್ತಾಯಿಸದ ಕಡೆಯಲ್ಲಿಯೂ ಮೂಲವನ್ನು ಹೆಸರಿಸಿ ಕೇಳುವುದೂ, ಈ ಎರಡು ಧರ್ಮಗಳೇ ಭಾಷೆಭಾಷೆಗಳ ನಡುವಣ ಕೊಡುಕೊಳ್ಳುವಿಕೆಯನ್ನು ಉಳಿಸತಕ್ಕವುಗಳು.